ಥಂಡಿ ಹಿಡಿಯದ ಕೆಲಸದ ಕೊಟ್ಟಿಗೆ

ಮಲೆನಾಡಿನ ಆಡುಮಾತಿನಲ್ಲಿ 'ಥಂಡಿ' ಎಂಬ ಪದಕ್ಕೆ ಚಳಿ ಎಂಬುದಕ್ಕಿಂತ ವಿಸ್ತಾರವಾದ ಅರ್ಥವಿದೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಮನುಷ್ಯರಿಗಷ್ಟೇ ಅಲ್ಲದೆ ಬೆಂಕಿಪೊಟ್ಟಣಕ್ಕೆ, ಹಪ್ಪಳಕ್ಕೆ, ಗೋಡೆಗೆ, ಪುಸ್ತಕಕ್ಕೆ, ಮರದ ಹಲಗೆಗೆ ಕೂಡ ಥಂಡಿ ಹಿಡಿಯುತ್ತದೆ. ತಂಪು ಮತ್ತು ತೇವ ಎಂಬ ಎರಡು ಸಂಗತಿಗಳು ಇಲ್ಲಿ ಬೇರೆ ಬೇರೆಯಾಗಿ ಬರುವುದು ಅಪರೂಪವಾದ್ದರಿಂದ ಒಂದೇ ಪದ ಎರಡನ್ನೂ ಹೊತ್ತುಕೊಂಡಿದೆ. ಮನೆಯ ಪಕ್ಕದ ಕೊಟ್ಟಿಗೆಯಲ್ಲೋ, ಕಾರು ನಿಲ್ಲಿಸುವ ಶೆಡ್ಡಿನಲ್ಲೋ ಬಡಗಿ ಕೆಲಸ, ಕೆತ್ತನೆ ಅಥವಾ ಯಂತ್ರಗಳ ದುರಸ್ತಿಗೆಂದು ಜಾಗ ಮಾಡಿಕೊಂಡವರು ವರ್ಷದ ನಾಲ್ಕೈದು ತಿಂಗಳು ಎದುರಿಸಬೇಕಾದುದು ಈ ಜೋಡಿ ಶತ್ರುವನ್ನು. ಶೀತ ದೇಶಗಳ ಕೈಪಿಡಿಗಳು ಹೇಳುವ ಹಿಮದ ಚಳಿ ಇಲ್ಲಿಲ್ಲ. ಇಲ್ಲಿ ಕೆಲಸ ನಿಲ್ಲಿಸುವ ಕಾಲವೆಂದರೆ ಮಳೆಗಾಲ, ಅದರ ಬಾಲವಾಗಿ ಬರುವ ಇಬ್ಬನಿಯ ಚಳಿಗಾಲ. ಹಾಗಾಗಿ ಇಲ್ಲಿನ ಕೆಲಸದ ಕೋಣೆಯ ವಿಚಾರವನ್ನು ಇಲ್ಲಿಯ ಗಾಳಿಯಿಂದಲೇ ಆರಂಭಿಸಬೇಕಾಗುತ್ತದೆ.

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್, ಮಾಸ್ತಿಕಟ್ಟೆಗಳೂ ಆಗುಂಬೆಯೊಡನೆ ಪೈಪೋಟಿಗೆ ನಿಲ್ಲುವ ಊರುಗಳೇ. ಘಟ್ಟದ ಅಂಚಿನಿಂದ ಮೂಡಣಕ್ಕೆ ಬಂದಂತೆ ಮಳೆಯ ಪ್ರಮಾಣ ಬೇಗ ಬೇಗ ಇಳಿಯುವುದರಿಂದ ಸಾಗರ ಪೇಟೆಗೆ ಇಷ್ಟು ಮಳೆ ಇಲ್ಲ. ಆದರೆ ಉಳಿಗೆ ತುಕ್ಕು ಹಿಡಿಸುವುದು ಅಂಗಳದಲ್ಲಿ ಬಿದ್ದ ನೀರಿನ ಲೆಕ್ಕವಲ್ಲ, ಕೋಣೆಯೊಳಗಿನ ಗಾಳಿಯಲ್ಲಿ ಕರಗಿರುವ ನೀರಾವಿ. ಆ ವಿಚಾರದಲ್ಲಿ ಆರಿದ್ರಾ ಮಳೆ ಹಿಡಿದಾಗಿನಿಂದ ಮಘೆ ಮುಗಿಯುವ ತನಕ ಮೂರೂ ತಾಲ್ಲೂಕುಗಳ ಸ್ಥಿತಿ ಹೆಚ್ಚುಕಡಿಮೆ ಒಂದೇ.

ಗಾಳಿ ಹೊರಬಲ್ಲ ನೀರಾವಿಗೆ ಒಂದು ಮಿತಿಯಿದೆ, ಆ ಮಿತಿ ಶಾಖದೊಡನೆ ಏರುತ್ತದೆ. ಒಂದು ಘನ ಮೀಟರ್ ಗಾಳಿ 14 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 12 ಗ್ರಾಂ ನೀರನ್ನು ಆವಿಯಾಗಿ ಹಿಡಿದಿಡಬಲ್ಲುದು; 22 ಡಿಗ್ರಿಯಲ್ಲಿ 19 ಗ್ರಾಂ ದಾಟುತ್ತದೆ, 30 ಡಿಗ್ರಿಯಲ್ಲಿ 30 ಗ್ರಾಂ ಮುಟ್ಟುತ್ತದೆ. ಈ ಮಿತಿಯ ನೂರರಲ್ಲಿ ಎಷ್ಟು ಪಾಲು ಈಗಾಗಲೇ ತುಂಬಿದೆ ಎಂಬುದನ್ನು ಸಾಪೇಕ್ಷ ಆರ್ದ್ರತೆ ಎನ್ನುತ್ತಾರೆ. ಜನವರಿಯ ನಸುಕಿನಲ್ಲಿ 14 ಡಿಗ್ರಿಯ ಗಾಳಿ ಪೂರ್ತಿ ತುಂಬಿ ತುಳುಕಿ, ಹುಲ್ಲಿನ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಅದೇ ಗಾಳಿ ಅಷ್ಟೇ ನೀರನ್ನು ಹೊತ್ತು ಮಧ್ಯಾಹ್ನ 30 ಡಿಗ್ರಿಗೆ ಬಂದಾಗ ಆರ್ದ್ರತೆ ಶೇ 40ರ ಆಸುಪಾಸಿಗೆ ಇಳಿದು, ಅಂಗಳದಲ್ಲಿ ಹರವಿದ ಅಡಿಕೆಯಿಂದ ನೀರನ್ನು ಹೀರುವಷ್ಟು ಹಸಿದಿರುತ್ತದೆ. ಜುಲೈಯಲ್ಲಿ ಇಂಥ ಮಧ್ಯಾಹ್ನ ಬರುವುದೇ ಇಲ್ಲ. ಹಗಲೂ ರಾತ್ರಿಯೂ 22, 23 ಡಿಗ್ರಿಗಳ ನಡುವೆ ಓಲಾಡುವ ಗಾಳಿ ಸದಾ ಶೇ 90 ಮೀರಿ ತುಂಬಿರುತ್ತದೆ, ಕಿಟಕಿ ತೆರೆದಿಟ್ಟರೆ ಒಳಗೆ ಬರುವುದು ಆ ಗಾಳಿಯೇ. ಗಾಳಿಯಾಡಿದರೆ ಒಣಗುತ್ತದೆ ಎಂಬ ತಿಳಿವಳಿಕೆ ಚಳಿಗಾಲದ ಹಗಲಿಗೆ ನಿಜ, ಆಷಾಢಕ್ಕೆ ಸುಳ್ಳು.

ಕಬ್ಬಿಣದ ಮೇಲೆ ಗಾಳಿಯ ತೇವ ಮಾಡುವ ಕೆಲಸಕ್ಕೆ ಒಂದು ಹೊಸ್ತಿಲಿದೆ. ಆರ್ದ್ರತೆ ಶೇ 60ರ ಕೆಳಗಿದ್ದರೆ ಚೊಕ್ಕ ಉಕ್ಕು ಬಹುಕಾಲ ಹೊಳಪು ಉಳಿಸಿಕೊಳ್ಳುತ್ತದೆ. ಶೇ 70 ದಾಟಿದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಲೋಹದ ಮೈಮೇಲೆ ನಿಂತು, ತುಕ್ಕಿನ ರಾಸಾಯನಿಕ ಕ್ರಿಯೆಗೆ ಬೇಕಾದ ನೆಲೆ ಒದಗಿಸುತ್ತದೆ. ಪುನರ್ವಸು ಮಳೆಯ ಒಂದು ಸಂಜೆ ಕೆಲಸ ಮುಗಿಸಿ ಒರೆಸದೆ ಬಿಟ್ಟ ಉಳಿಯನ್ನು ಮಾರನೆಯ ದಿನ ಬೆಳಕಿಗೆ ಹಿಡಿದು ನೋಡಿದರೆ, ಅಲಗಿನ ಬೆನ್ನಿನ ಮೇಲೆ ಹೆಬ್ಬೆರಳಿನ ಗೆರೆಗಳು ಒಂದೊಂದೂ ಎಣಿಸುವಂತೆ ಕಂದು ಬಣ್ಣದಲ್ಲಿ ಮೂಡಿರುತ್ತವೆ: ಬೆವರಿನ ಉಪ್ಪು ಗಾಳಿಯಿಂದ ನೀರನ್ನು ಸೆಳೆದುಕೊಂಡು, ಬೆರಳು ತಾಗಿದ ಕಡೆಯಲ್ಲಷ್ಟೇ ತುಕ್ಕಿಗೆ ಮೊದಲು ದಾರಿ ಮಾಡಿಕೊಟ್ಟಿರುತ್ತದೆ. ಹಳೆಯ ಬಡಗಿಗಳು ಕೆಲಸ ಬಿಡುವ ಮೊದಲು ಎಣ್ಣೆಬಟ್ಟೆಯಿಂದ ಒರೆಸದೆ ಉಳಿಯನ್ನು ಚೀಲಕ್ಕೆ ಹಾಕುತ್ತಿರಲಿಲ್ಲವೆಂಬುದರ ಕಾರಣ ಇಷ್ಟೇ.

ತೋಟದ ಮನೆಗಳಲ್ಲಿ ಈ ತುಕ್ಕಿಗೆ ಇನ್ನೊಂದು ಮೂಲವಿದೆ, ಅದನ್ನು ಯಾವ ಪರದೇಶದ ಕೈಪಿಡಿಯೂ ಹೇಳಿಕೊಡದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿಯನ್ನು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಆಸುಪಾಸಿನಲ್ಲಿ ರೂಢಿಗೆ ತಂದಂದಿನಿಂದ ಮಲೆನಾಡಿನ ಪ್ರತಿ ಕೊಟ್ಟಿಗೆಯಲ್ಲೂ ಮೈಲುತುತ್ತ, ಸುಣ್ಣ, ಸಿಂಪಡಿಸುವ ಪಂಪುಗಳಿಗೆ ಒಂದು ಮೂಲೆ ಮೀಸಲಾಗಿದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಈ ಮದ್ದು ಅಡಿಕೆ ಮರಕ್ಕೆ ಎಷ್ಟು ಹಿತವೋ, ಮೈಲುತುತ್ತ ಉಕ್ಕಿಗೆ ಅಷ್ಟೇ ಮಾರಕ. ತಾಮ್ರದ ಈ ಲವಣ ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುತ್ತದೆ, ಥಂಡಿ ಗಾಳಿಯಲ್ಲಿ ಅದರ ಧೂಳಿಗೂ ಈ ಶಕ್ತಿಯಿದೆ. ರಸಗೊಬ್ಬರ ಮತ್ತು ಉಪ್ಪಿನ ಚೀಲಗಳಿಗೂ ಇದೇ ದೋಷ. ಅಡಿಕೆ ಬೇಯಿಸಿದ ಚೊಗರಿನಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಕಬ್ಬಿಣದೊಡನೆ ಸೇರಿದರೆ ಮಸಿಯಂಥ ಕಪ್ಪು ಹುಟ್ಟುವುದರಿಂದ, ಚೊಗರಿನ ಹಂಡೆಯ ಪಕ್ಕದಲ್ಲಿ ಹಲಗೆ, ಗರಗಸಗಳನ್ನು ಇಡುವುದೂ ತರವಲ್ಲ. ಕೆಲಸದ ಕೋಣೆಯನ್ನು ಸುಧಾರಿಸಲು ಹೊರಟವರು ಒಂದು ಕಾಸೂ ಖರ್ಚಿಲ್ಲದೆ ಮಾಡಬಹುದಾದ ಮೊದಲ ಕೆಲಸವೆಂದರೆ ಇವುಗಳನ್ನು ಬೇರೆ ಸೂರಿಗೆ ಸಾಗಿಸುವುದು.

ಮರದ ವಿಚಾರ ಇನ್ನಷ್ಟು ಸೂಕ್ಷ್ಮ. ಹಲಗೆ ಸುತ್ತಲಿನ ಗಾಳಿಯೊಡನೆ ನಿರಂತರವಾಗಿ ನೀರಿನ ಕೊಡುಕೊಳ್ಳುವಿಕೆ ನಡೆಸುತ್ತ, ಕೊನೆಗೆ ಆ ಗಾಳಿಗೆ ಹೊಂದುವ ಒಂದು ತೇವದಲ್ಲಿ ನೆಲೆ ನಿಲ್ಲುತ್ತದೆ. ಮರದ ಒಣತೂಕಕ್ಕೆ ಹೋಲಿಸಿ ಹೇಳುವ ಈ ಪ್ರಮಾಣವನ್ನು ಸಮತೋಲನ ತೇವಾಂಶ ಎನ್ನುತ್ತಾರೆ. ಗಾಳಿಯ ಆರ್ದ್ರತೆ ಶೇ 65 ಇದ್ದಲ್ಲಿ ಮರದ ತೇವ ಶೇ 12ರ ಹತ್ತಿರ ನಿಂತರೆ, ಶೇ 90 ಇದ್ದಲ್ಲಿ ಶೇ 20 ಮುಟ್ಟುತ್ತದೆ. ಮರ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕೆ ಬಾರದಷ್ಟು, ಅಗಲಕ್ಕೆ ಮಾತ್ರ ಧಾರಾಳ. ಸ್ಥಿರವೆಂದು ಹೆಸರಾದ ಸಾಗುವಾನಿಯಲ್ಲಿಯೂ 30 ಸೆಂಟಿಮೀಟರ್ ಅಗಲದ ಹಲಗೆ ಶೇ 12ರಿಂದ ಶೇ 20ರ ತೇವಕ್ಕೆ ಏರುವಾಗ, ಸೀಳಿದ ರೀತಿಯನ್ನು ಅವಲಂಬಿಸಿ ಎರಡರಿಂದ ನಾಲ್ಕೂವರೆ ಮಿಲಿಮೀಟರ್ ವರೆಗೆ ಅಗಲವಾಗುತ್ತದೆ. ಆಷಾಢದಲ್ಲಿ ಕಪಾಟಿನ ಬಾಗಿಲು ಕಚ್ಚಿಕೊಂಡು, ಸಂಕ್ರಾಂತಿಯ ಹೊತ್ತಿಗೆ ತಾನಾಗಿ ಸಡಿಲವಾಗುವುದು ಇದರಿಂದ. ಆರ್ದ್ರತೆ ಶೇ 80 ದಾಟಿದ ಮೇಲೆ ಹಲಗೆಯ ಮೈಮೇಲೆ ಬೂಷ್ಟು ಬೆಳೆಯತೊಡಗುತ್ತದೆ, ಮುಗ್ಗಲು ವಾಸನೆ ಅದರ ಮೊದಲ ಸೂಚನೆ.

ಮೆರುಗು ಕೊಡುವವರು ಮಳೆಗಾಲವನ್ನು ದೂರವಿಡುವುದಕ್ಕೂ ಇದೇ ನೀರಾವಿ ಕಾರಣ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ಹಚ್ಚುವ ಫ್ರೆಂಚ್ ಪಾಲಿಶ್‌ನಲ್ಲಿ, ಸ್ಪಿರಿಟ್ ಆರುವಾಗ ಹಲಗೆಯ ಮೈ ತಂಪಾಗುತ್ತದೆ. ಮೊದಲೇ ತುಂಬಿ ನಿಂತ ಗಾಳಿ ಆ ತಂಪಿಗೆ ತಾಗಿದೊಡನೆ ತನ್ನ ನೀರನ್ನು ಅಲ್ಲೇ ಇಳಿಸಿ, ಹಸಿ ಪಾಲಿಶ್‌ನೊಳಗೆ ಹಾಲು ಚೆಲ್ಲಿದಂಥ ಬಿಳಿ ಮಸುಕು ಕಟ್ಟುತ್ತದೆ. ಫೆವಿಕಾಲಿನಂಥ ಬಿಳಿ ಅಂಟು ಗಟ್ಟಿಯಾಗುವುದು ತನ್ನ ನೀರನ್ನು ಮರಕ್ಕೂ ಗಾಳಿಗೂ ಬಿಟ್ಟುಕೊಟ್ಟ ಮೇಲೆ, ಎರಡೂ ಕಡೆ ನೀರು ತುಂಬಿರುವಾಗ ಸಂದುಗಳನ್ನು ಬಿಗಿಹಿಡಿದಿಡುವ ಹೊತ್ತನ್ನು ದುಪ್ಪಟ್ಟು ಮಾಡಿದರೂ ಹೆಚ್ಚಲ್ಲ. ಹಳಬರು ಬಳಸುತ್ತಿದ್ದ ಮರವಜ್ರವಂತೂ, ಪ್ರಾಣಿಗಳ ಚರ್ಮ ಮೂಳೆಗಳಿಂದ ಕಾಯಿಸಿ ತೆಗೆದ ಅಂಟಾದ್ದರಿಂದ, ಥಂಡಿಯಲ್ಲಿ ಮತ್ತೆ ಮೆತ್ತಗಾಗಿ ಸಂದು ಬಿಡುತ್ತಿತ್ತು.

ಇಂಥ ಹವೆಯಲ್ಲೇ ಇಲ್ಲಿ ಮನೆಯೊಳಗಿನ ಕುಶಲ ಕೆಲಸಗಳು ಬೆಳೆದುಬಂದಿವೆ ಎಂಬುದನ್ನು ಮರೆಯಬಾರದು. ಸಾಗರ, ಸೊರಬಗಳ ಗುಡಿಗಾರರು ಶ್ರೀಗಂಧದ ಕೆತ್ತನೆಗೂ, ಬೆಂಡಿನ ಬಾಸಿಂಗ, ದಂಡೆಗಳಿಗೂ ಹೆಸರಾದವರು. ಕೂದಲೆಳೆಯಷ್ಟು ಸಣ್ಣ ಬಳ್ಳಿಯನ್ನು ಕೆತ್ತುವ ಈ ಕಸುಬು ಹೆಚ್ಚಾಗಿ ಮನೆಯ ಜಗಲಿಯಲ್ಲಿ, ಬೆಳಕಿಂಡಿಯ ಪಕ್ಕದಲ್ಲಿ, ನೆಲದ ಮೇಲೆ ಕುಳಿತೇ ನಡೆದಿದೆ. ಗಂಧ ಎಣ್ಣೆಯಂಶ ತುಂಬಿದ, ನಿಧಾನವಾಗಿ ಬೆಳೆಯುವ, ಎಳೆ ಒತ್ತಾದ ಮರವಾದ್ದರಿಂದ ಮಿಕ್ಕ ಮರಗಳಷ್ಟು ಹಿಗ್ಗಿ ಕುಗ್ಗುವುದಿಲ್ಲ. ಆದರೂ ತುಂಡನ್ನು ಅವಸರದಲ್ಲಿ ಒಣಗಿಸಿದರೆ ತುದಿಯಿಂದ ಬಿರುಕು ಹೊರಟು ತಿಂಗಳ ಕೆಲಸ ಒಂದೇ ದಿನದಲ್ಲಿ ಹಾಳಾಗುತ್ತದೆ. ನೆರಳಿನಲ್ಲಿ, ತುದಿಗಳಿಗೆ ಮೇಣವನ್ನೋ ಸಗಣಿಯನ್ನೋ ಬಳಿದು, ನೀರು ಮರದ ಪಕ್ಕೆಗಳಿಂದಷ್ಟೇ ಮೆಲ್ಲಗೆ ಹೊರಹೋಗುವಂತೆ ಮಾಡುವ ಕ್ರಮಕ್ಕೆ ಇದೇ ಹಿನ್ನೆಲೆ.

ಹಳೆಯ ಮಲೆನಾಡ ಮನೆಯನ್ನು ಒಣಗಿಸುವ ಯಂತ್ರವೆಂದು ನೋಡಿದರೆ ಅದರ ಪ್ರತಿ ಅಂಗಕ್ಕೂ ಅರ್ಥ ಹೊಳೆಯುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಇಂದು ವಸ್ತುಸಂಗ್ರಹಾಲಯವಾಗಿರುವ ಕುವೆಂಪು ಅವರ ಮನೆಗೆ ಹೋದವರು ಕೆತ್ತನೆಯ ಕಂಬಗಳನ್ನು ಮೆಚ್ಚಿ ಹೊರಬರುವುದೇ ಹೆಚ್ಚು. ಎತ್ತರದ ಪಂಚಾಂಗ, ಗೋಡೆಯಿಂದ ಬಹುದೂರ ಚಾಚಿದ ಸೂರು, ನಡುವೆ ತೆರೆದ ತೊಟ್ಟಿ, ಹೆಂಚಿನ ಮಾಡಿಗೂ ವಾಸದ ಕೋಣೆಗೂ ನಡುವೆ ಮರದ ಹಲಗೆಯ ಮುಚ್ಚಿಗೆ ಮತ್ತು ಅಟ್ಟ ಇರುವ ಇಂಥ ಮನೆಗಳ ಕಟ್ಟಣೆಯಲ್ಲಿ ಎರಚಲನ್ನು ತಡೆಯುವ, ನೆಲದ ತೇವವನ್ನು ಕೆಳಗೇ ನಿಲ್ಲಿಸುವ, ಮೇಲಿನ ಗಾಳಿಯನ್ನು ಬೆಚ್ಚಗಿಡುವ ಮೂರು ಬೇರೆ ಬೇರೆ ಏರ್ಪಾಡುಗಳಿವೆ. ಸೋಗೆ, ಹುಲ್ಲು, ನಾಡಹೆಂಚುಗಳ ಮಾಡಿಗೆ ಬದಲಾಗಿ ಬಂದ ಮಂಗಳೂರು ಹೆಂಚು, 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ತೆರೆದ ಕಾರ್ಖಾನೆಯಿಂದ ಘಟ್ಟದ ಮೇಲಕ್ಕೂ ಹಬ್ಬಿತು. ಎರಡು ಹೆಂಚುಗಳ ಸಂದಿನಲ್ಲಿ ನೀರು ಇಳಿಯದೆ ಗಾಳಿ ಮಾತ್ರ ಹಾಯುವುದು ಅದರ ಗುಣ. ಎಲ್ಲಕ್ಕಿಂತ ಮುಖ್ಯವಾದುದು ಒಲೆ. ಅಡುಗೆಮನೆಯ ಮತ್ತು ಬಚ್ಚಲ ಒಲೆಗಳು ಮಳೆಗಾಲದುದ್ದಕ್ಕೂ ಆರದೆ ಉರಿದು, ಅವುಗಳ ಮೇಲಿನ ಅಟ್ಟದ ಗಾಳಿಯನ್ನು ಹೊರಗಿಗಿಂತ ಹಲವು ಡಿಗ್ರಿ ಬಿಸಿಯಾಗಿಡುತ್ತಿದ್ದವು.

ಆ ಕೆಲವೇ ಡಿಗ್ರಿಗಳ ಬೆಲೆಯೆಷ್ಟೆಂಬುದನ್ನು ಲೆಕ್ಕವೇ ಹೇಳುತ್ತದೆ. 22 ಡಿಗ್ರಿಯಲ್ಲಿ ಶೇ 95 ತುಂಬಿರುವ ಗಾಳಿಯನ್ನು, ಒಂದು ಹನಿ ನೀರನ್ನೂ ತೆಗೆಯದೆ, 27 ಡಿಗ್ರಿಗೆ ಏರಿಸಿದರೆ ಆರ್ದ್ರತೆ ಶೇ 70ಕ್ಕೆ ಇಳಿಯುತ್ತದೆ. 30 ಡಿಗ್ರಿಗೆ ಏರಿಸಿದರೆ ಶೇ 60ಕ್ಕೂ ಕೆಳಗೆ ಬರುತ್ತದೆ. ತುಕ್ಕು, ಬೂಷ್ಟು, ಹಲಗೆಯ ಉಬ್ಬರ ಇವೆಲ್ಲವುಗಳ ಹೊಸ್ತಿಲನ್ನು ಐದರಿಂದ ಎಂಟು ಡಿಗ್ರಿಗಳ ಶಾಖವೊಂದೇ ದಾಟಿಸಿಬಿಡುತ್ತದೆ ಎಂದಾಯಿತು. ಬೀಜದ ಕಾಳು, ಬೆತ್ತದ ಬುಟ್ಟಿ, ನೇಗಿಲ ಮೇಳಿ, ಹಲಗೆಗಳೆಲ್ಲ ಅಟ್ಟ ಸೇರುತ್ತಿದ್ದುದು ಜಾಗದ ಕೊರತೆಯಿಂದಲ್ಲ. ಮಳೆಯ ನಡುವೆಯೇ ಹಣ್ಣಾಗುವ ಉಪ್ಪಾಗೆಯ ಸಿಪ್ಪೆಯನ್ನು ಒಲೆಯ ಮೇಲಿನ ತಟ್ಟಿಯಲ್ಲಿ ಹರವಿ ಒಣಗಿಸಿ ಮಾರುವ ಮನೆಗಳಿಗೆ, ಬಿಸಿಲಿಲ್ಲದ ತಿಂಗಳಲ್ಲಿ ಒಣಗಿಸುವ ವಿದ್ಯೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಕಬ್ಬಿಣಕ್ಕೂ ಮರಕ್ಕೂ ಅದನ್ನೇ ಅನ್ವಯಿಸಬೇಕು, ಅಷ್ಟೆ.

ಒಲೆಯ ಶಾಖದೊಡನೆ ಹೊಗೆಯೂ ಇತ್ತು. ಹೊಗೆಯ ಮಸಿ ಕೂತ ಜಂತಿ, ಪಕಾಸಿಗಳಿಗೆ ಕುಟ್ಟೆ ಹುಳ ಹತ್ತುತ್ತಿರಲಿಲ್ಲವೆಂಬುದು ನಿಜ. ಆ ಹೊಗೆಯಲ್ಲೇ ಉಸಿರಾಡಿ ಕಣ್ಣು, ಶ್ವಾಸಕೋಶ ಕೆಡಿಸಿಕೊಂಡವರು ಮನೆಯ ಹೆಂಗಸರೆಂಬುದೂ ಅಷ್ಟೇ ನಿಜ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರ ರೂಪಿಸಿದ ಅಸ್ತ್ರ ಒಲೆ, ಕೊಳವೆಯ ಮೂಲಕ ಹೊಗೆಯನ್ನು ಮಾಡಿನಾಚೆಗೆ ಸಾಗಿಸಿ ಕಟ್ಟಿಗೆಯನ್ನೂ ಉಳಿಸಿತು. ಅನಂತರ ಅಡುಗೆ ಅನಿಲ ಬಂದಿತು. ಈ ಬದಲಾವಣೆಯನ್ನು ಹಳಹಳಿಸಲು ಯಾವ ಕಾರಣವೂ ಇಲ್ಲ. ಆದರೆ ಅಟ್ಟ ತಣ್ಣಗಾದ ಮೇಲೆ ಅಲ್ಲಿಟ್ಟ ಹಲಗೆಗೆ ಹುಳ ಬಿದ್ದದ್ದು, ಗರಗಸಕ್ಕೆ ತುಕ್ಕು ಹತ್ತಿದ್ದು ಏಕೆಂದು ಯೋಚಿಸಿದವರು ಕಡಿಮೆ. ಹೊಗೆಯನ್ನು ಹೊರಗಟ್ಟಿ ಶಾಖವನ್ನು ಮಾತ್ರ ಉಳಿಸಿಕೊಳ್ಳುವ ದಾರಿ ಈಗ ಹುಡುಕಬೇಕಾಗಿರುವುದು, ಅದು ಮಲೆನಾಡಿನ ಬಹುಪಾಲು ಮನೆಗಳಲ್ಲಿ ಇನ್ನೂ ಜೀವಂತವಾಗಿದೆ: ಸ್ನಾನದ ನೀರಿಗೆಂದು ದಿನವೂ ಉರಿಯುವ ಬಚ್ಚಲ ಒಲೆ. ಕೆಲಸದ ಕೋಣೆಯನ್ನು ಹೊಸದಾಗಿ ಕಟ್ಟುವವರು ಅದನ್ನು ಬಚ್ಚಲ ಒಲೆಯ ಹಿಂಗೋಡೆಗೆ ಅಂಟಿಸಿ ಕಟ್ಟಿದರೆ, ಒಲೆಯ ಬಿಸಿ ಕುಡಿದ ಜಂಬಿಟ್ಟಿಗೆಯ ಗೋಡೆ ಗಂಟೆಗಟ್ಟಲೆ ಆ ಬಿಸಿಯನ್ನು ಇತ್ತ ಕಡೆಗೂ ಬಿಡುತ್ತಿರುತ್ತದೆ. ಸಲಕರಣೆಗಳ ಕಪಾಟಿಗೆ ಅದಕ್ಕಿಂತ ಒಳ್ಳೆಯ ಜಾಗ ಇಡೀ ಮನೆಯಲ್ಲಿ ಇರದು.

ಇದಕ್ಕೆ ತದ್ವಿರುದ್ಧವಾದುದು ಇಂದು ಎಲ್ಲೆಡೆ ಎದ್ದಿರುವ ಸತುವಿನ ತಗಡಿನ ಶೆಡ್. ಬೇಗ ಏಳುತ್ತದೆ, ಸೋರುವುದಿಲ್ಲ, ಮಂಗಗಳು ಹೆಂಚು ಒಡೆಯುವ ಕಾಟವೂ ತಪ್ಪುತ್ತದೆ. ಜನ ಅದನ್ನು ಆರಿಸಿಕೊಂಡದ್ದು ವಿನಾಕಾರಣವಲ್ಲ. ಆದರೆ ಮೋಡವಿಲ್ಲದ ಚಳಿಗಾಲದ ರಾತ್ರಿ ತೆಳುವಾದ ತಗಡು ತನ್ನ ಶಾಖವನ್ನೆಲ್ಲ ಬಯಲ ಆಕಾಶಕ್ಕೆ ಸೂಸಿ, ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಶೆಡ್ಡಿನೊಳಗಿನ ಗಾಳಿ ಏರಿ ಆ ತಗಡಿಗೆ ತಾಗಿದೊಡನೆ ಅದರ ಒಳಮೈಯಲ್ಲೂ ಇಬ್ಬನಿ ಕಟ್ಟುತ್ತದೆ, ಹನಿ ಹನಿ ಕೂಡಿ ತಗಡಿನ ಅಲೆಗಳ ತಗ್ಗಿನಲ್ಲಿ ಸಾಗಿ, ಸೂರ್ಯ ಏರುವ ಹೊತ್ತಿಗೆ ಸರಿಯಾಗಿ ಮೇಜಿನ ಮೇಲೆ, ಯಂತ್ರದ ಮೇಲೆ ತೊಟ್ಟಿಕ್ಕುತ್ತದೆ. ಜನವರಿಯಲ್ಲಿ ಮಾಡು ಸೋರುತ್ತಿದೆಯೆಂದು ತಗಡಿನ ಮೊಳೆತೂತುಗಳಿಗೆ ಟಾರು ಮೆತ್ತುವವರು ಹೊರಗಿನ ನೀರನ್ನು ಹುಡುಕುತ್ತಿರುತ್ತಾರೆ, ನೀರು ಒಳಗಿನದು. ತಗಡಿನ ಕೆಳಗೆ ಒಂದೆರಡು ಗೇಣು ಬಿಟ್ಟು ಹಲಗೆಯ ಮುಚ್ಚಿಗೆಯನ್ನೋ, ಅದಕ್ಕೆ ಅನುಕೂಲವಿಲ್ಲದಿದ್ದರೆ ಬಿದಿರ ತಟ್ಟಿಯನ್ನೋ ಹೊಡೆದು, ಎರಡರ ನಡುವಿನ ಜಾಗದಲ್ಲಿ ಗಾಳಿ ಸೂರಿನಿಂದ ಒಳಬಂದು ಮಾಡಿನ ನೆತ್ತಿಯಲ್ಲಿ ಹೊರಹೋಗುವಂತೆ ಕಿಂಡಿ ಬಿಟ್ಟರೆ ಈ ತೊಟ್ಟಿಕ್ಕುವಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ಮಳೆಯ ಸದ್ದೂ ಮಾತು ಕೇಳುವಷ್ಟು ತಗ್ಗುತ್ತದೆ.

ನೆಲ, ಗೋಡೆಗಳ ವಿಷಯದಲ್ಲಿ ಹೇಳಬೇಕಾದುದು ಹೆಚ್ಚಿಲ್ಲ. ಜಂಬಿಟ್ಟಿಗೆ ಕಲ್ಲು ರಂಧ್ರಗಳಿಂದ ತುಂಬಿದ್ದು, ದೀಪದ ಬತ್ತಿ ಎಣ್ಣೆ ಹೀರುವಂತೆ ನೆಲದ ನೀರನ್ನು ಮೇಲಕ್ಕೆ ಎಳೆಯುತ್ತದೆ. ಪಂಚಾಂಗದ ಮಟ್ಟದಲ್ಲಿ ತೇವ ತಡೆಯುವ ಒಂದು ಪದರ ಹಾಕದೆ ಕಟ್ಟಿದ ಗೋಡೆಗೆ ಬರಿದೇ ಸಿಮೆಂಟು ಬಳಿದರೆ, ನೀರು ಒಳಗೇ ಸಿಕ್ಕಿಕೊಂಡು ಇನ್ನೂ ಎತ್ತರಕ್ಕೆ ಏರುತ್ತದೆ, ಸುಣ್ಣದ ಗಾರೆಯಾದರೆ ಅದನ್ನು ಚಳಿಗಾಲದಲ್ಲಿ ಹೊರಬಿಡುತ್ತದೆ. ಮುಂಗಾರಿನ ಗಾಳಿ ಪಡುವಣ, ನೈಋತ್ಯಗಳಿಂದ ಬೀಸುವುದರಿಂದ ಆ ಕಡೆಯ ಗೋಡೆಗೆ ಬಾಗಿಲು ಕಿಟಕಿಗಳಿಲ್ಲದಿರುವುದು, ಇದ್ದರೆ ಮಳೆಗಾಲಕ್ಕೆ ಸೋಗೆ ತಟ್ಟಿ ಕಟ್ಟುವುದು ವಾಡಿಕೆ. ಮೂಡಣದ ಕಿಟಕಿಯೊಂದು, ಮಾಡಿನಲ್ಲಿ ನಾಲ್ಕಾರು ಗಾಜಿನ ಹೆಂಚು ಇದ್ದರೆ ಕರೆಂಟು ಇಲ್ಲದ ಹಗಲಿನಲ್ಲೂ ಗೆರೆ ಹಾಕಿ ಕೊಯ್ಯುವಷ್ಟು ಬೆಳಕು ಸಿಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವ ಈ ಸೀಮೆಯಲ್ಲಿ ಅಂಥ ಹಗಲುಗಳು ಬಹಳ.

ಇಡೀ ಶೆಡ್ಡನ್ನು ಒಣಗಿಸಿಡುವ ಹಂಬಲವನ್ನು ಮಾತ್ರ ಕೈಬಿಡಬೇಕು. ಆರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಶೆಡ್ಡಿನಲ್ಲಿ 72 ಘನ ಮೀಟರ್ ಗಾಳಿಯಿದ್ದು, ಜುಲೈಯಲ್ಲಿ ಅದರೊಳಗೆ ಸುಮಾರು 1.3 ಲೀಟರಿನಷ್ಟು ನೀರು ಆವಿಯಾಗಿ ತೇಲುತ್ತಿರುತ್ತದೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಬಾಗಿಲ ಸಂದು, ಹೆಂಚಿನ ಸಂದುಗಳಿಂದ ಗಂಟೆಗೊಮ್ಮೆ ಗಾಳಿ ಬದಲಾದರೂ ದಿನವೊಂದಕ್ಕೆ ಮೂವತ್ತು ಲೀಟರಿಗೂ ಮಿಕ್ಕ ನೀರು ಆ ಕೋಣೆಯನ್ನು ಹಾದುಹೋಗುತ್ತದೆ. ಇದನ್ನು ಹಿಡಿದಿಡುವುದು ಮನೆಬಳಕೆಯ ಸಾಮಾನ್ಯ ಯಂತ್ರಗಳಿಗೆ ಕಷ್ಟ. ಆದ್ದರಿಂದ ಶೆಡ್ಡಿನೊಳಗೆ ಒಂದು ಸಣ್ಣ ಬೆಚ್ಚನೆಯ ಗೂಡನ್ನು, ಸಲಕರಣೆಗಳಿಗೆ ಒಂದು ಕಪಾಟನ್ನು, ಸಾಧ್ಯವಿದ್ದರೆ ಹಲಗೆಗಳಿಗೊಂದು ಮುಚ್ಚಿದ ಅಟ್ಟವನ್ನು ಒಣಗಿಟ್ಟು, ಉಳಿದ ಜಾಗವನ್ನು ಬರಿಯ ಎರಚಲಿನಿಂದ ಕಾಪಾಡಿದರೆ ಸಾಕು. ಕೆಲಸದ ಹೊತ್ತಿನ ಮೂರು ನಾಲ್ಕು ಗಂಟೆಗಳಲ್ಲಿ ಹಲಗೆ ಉಬ್ಬುವುದೂ ಇಲ್ಲ, ಉಳಿ ತುಕ್ಕು ಹಿಡಿಯುವುದೂ ಇಲ್ಲ. ಕೆಲಸವಿಲ್ಲದ ಇಪ್ಪತ್ತು ಗಂಟೆಗಳು ಎಲ್ಲಿ ಕಳೆಯುತ್ತವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕಪಾಟನ್ನು ಒಣಗಿಡುವ ವಿಧಾನಗಳು ಎರಡು, ಅವನ್ನು ಒಂದರೊಡನೊಂದು ಬೆರೆಸಬಾರದು. ಮೊದಲನೆಯದು ಬಿಸಿಯ ವಿಧಾನ: ಕಪಾಟಿನ ತಳದಲ್ಲಿ 25 ಅಥವಾ 40 ವಾಟಿನ ಹಳೆಯ ಮಾದರಿಯ ತಂತಿ ಬಲ್ಬನ್ನು, ಬಟ್ಟೆ ಹಲಗೆಗಳು ತಾಗದಂತೆ ಜಾಲರಿಯೊಳಗಿಟ್ಟು, ಬಿಸಿಯಾದ ಗಾಳಿ ಮೆಲ್ಲಗೆ ಹೊರಬರಲು ಮೇಲೊಂದು ಕೆಳಗೊಂದು ಕಿಂಡಿ ಬಿಡಬೇಕು. ದಿನವಿಡೀ ಉರಿದರೂ 40 ವಾಟಿನ ಬಲ್ಬಿಗೆ ಒಂದು ಯೂನಿಟ್ ವಿದ್ಯುತ್ ಮುಟ್ಟದು. ಎಲ್ಇಡಿ ಬಲ್ಬಿನಿಂದ ಈ ಕೆಲಸ ಆಗುವುದಿಲ್ಲ, ಬಿಸಿಯಾಗದಿರುವುದೇ ಅದರ ಹೆಚ್ಚುಗಾರಿಕೆ. ಎರಡನೆಯದು ಹೀರುವ ವಿಧಾನ: ಇಲ್ಲಿ ಕಿಂಡಿ ಸಲ್ಲದು, ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ ಹಾಕಿ ಬಿಗಿಯಾಗಿ ಮುಚ್ಚಿ ಒಳಗೆ ಸಿಲಿಕಾ ಜೆಲ್ ಅಥವಾ ಸುಟ್ಟ ಸುಣ್ಣದ ಹರಳನ್ನು ಇಡಬೇಕು. ಒಂದು ಕಿಲೋ ಸುಣ್ಣ ಪೂರ್ತಿ ಅರಳುವ ತನಕ 320 ಗ್ರಾಂ ನೀರನ್ನು ಹೀರಬಲ್ಲುದು. ಆದರೆ ನೇರವಾಗಿ ನೀರು ತಾಗಿದರೆ ಕುದಿಯುವಷ್ಟು ಬಿಸಿಯಾಗುವುದರಿಂದ ಅದನ್ನು ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ಅರ್ಧ ಮಟ್ಟಕ್ಕಷ್ಟೇ ತುಂಬಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಮುಚ್ಚಿದ ಸಣ್ಣ ಕೋಣೆಯಿದ್ದವರಿಗೆ ತೇವ ತೆಗೆಯುವ ವಿದ್ಯುತ್ ಯಂತ್ರವೂ ಆದೀತು. ಗಾಳಿಯನ್ನು ತಂಪಿಸಿ ನೀರಿಳಿಸುವ ಈ ಯಂತ್ರ ಶೀತ ದೇಶದ ಗ್ಯಾರೇಜುಗಳಲ್ಲಿ ಹಿಮ ಕಟ್ಟಿ ನಿಂತುಹೋಗುತ್ತದೆ, ಮಲೆನಾಡಿನ 23 ಡಿಗ್ರಿಯ ಒದ್ದೆ ಗಾಳಿಯಲ್ಲಾದರೆ ಚೆನ್ನಾಗಿ ನಡೆಯುತ್ತದೆ.

ಒಂದು ದಾರಿಯನ್ನು ಮಾತ್ರ ಯಾರೂ ಹಿಡಿಯಬಾರದು. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆಯಲ್ಲೋ ಬಾಣಲೆಯಲ್ಲೋ ಕೆಂಡ ಹಾಕಿಟ್ಟು ಕೂರುವುದು ಪ್ರಾಣಕ್ಕೇ ಅಪಾಯ. ಅರೆಬರೆ ಉರಿಯುವ ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರವಾಯಿತು ಎನ್ನುವಷ್ಟರಲ್ಲಿ ಎದ್ದು ಬಾಗಿಲು ತೆರೆಯುವ ಶಕ್ತಿಯೂ ಉಡುಗಿರುತ್ತದೆ. ಅಡುಗೆ ಅನಿಲ ಅಥವಾ ಕಟ್ಟಿಗೆಯನ್ನು ತೆರೆದು ಉರಿಸುವುದರಿಂದ ಇನ್ನೂ ಒಂದು ತೊಂದರೆಯಿದೆ: ಉರಿಯಿಂದಲೇ ನೀರಾವಿ ಹುಟ್ಟುವುದರಿಂದ ಕೋಣೆ ಬಿಸಿಯಾದರೂ ಆವಿ ಹೆಚ್ಚುತ್ತದೆ. ಬೆಂಕಿ ಗೋಡೆಯಾಚೆ ಇರಲಿ, ಬಿಸಿ ಈಚೆ ಬರಲಿ ಎಂಬ ಬಚ್ಚಲ ಒಲೆಯ ಏರ್ಪಾಡು ಈ ಎರಡನ್ನೂ ತಪ್ಪಿಸುತ್ತದೆ. ಒದ್ದೆ ನೆಲದ ಮೇಲೆ ನಿಂತು ವಿದ್ಯುತ್ ಗರಗಸ ಹಿಡಿಯುವವರಿಗೆ, 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿ ಸ್ವಿಚ್ಚು ಯಾವ ಯಂತ್ರಕ್ಕಿಂತಲೂ ಮೊದಲು ಕೊಳ್ಳಬೇಕಾದ ವಸ್ತು.

ಶೀತ ದೇಶಗಳಲ್ಲಿ ಪರಿಸ್ಥಿತಿ ಹೇಗೆ ತಿರುವುಮುರುವಾಗಿದೆ ಎಂಬುದನ್ನು ಅರಿಯುವುದು, ಅಲ್ಲಿಯ ಸಲಹೆಗಳನ್ನು ಇಲ್ಲಿ ಹಾಗೆಯೇ ನೆಡದಿರುವುದಕ್ಕೆ ಸಹಾಯಕ. ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಗಾಳಿ ಪೂರ್ತಿ ತುಂಬಿದ್ದರೂ ಅದರಲ್ಲಿರುವ ನೀರು ಘನ ಮೀಟರಿಗೆ ಎರಡು ಗ್ರಾಂ ಚಿಲ್ಲರೆ. ಅದನ್ನು ಕೋಣೆಯೊಳಗೆ 20 ಡಿಗ್ರಿಗೆ ಬಿಸಿ ಮಾಡಿದರೆ ಆರ್ದ್ರತೆ ಶೇ 13ರ ಸುಮಾರಿಗೆ ಕುಸಿಯುತ್ತದೆ. ಅಲ್ಲಿ ಚಳಿಗಾಲದಲ್ಲಿ ಮರ ಒಣಗಿ ಬಿರಿಯುತ್ತದೆ, ಇಲ್ಲಿ ಮಳೆಗಾಲದಲ್ಲಿ ನೆನೆದು ಉಬ್ಬುತ್ತದೆ. ಗೋಡೆಯ ಒಳಮೈಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಆವಿಯನ್ನು ತಡೆಯುವ ಅಲ್ಲಿಯ ಕ್ರಮವನ್ನು ತೇವ ಹೀರುವ ಜಂಬಿಟ್ಟಿಗೆ ಗೋಡೆಗೆ ಅನ್ವಯಿಸಿದರೆ ಹಾಳೆಯ ಹಿಂದೆ ಬೂಷ್ಟಿನ ತೋಟವೇ ಏಳುತ್ತದೆ. ಸಾಗರದಲ್ಲಿ ಶ್ರಾವಣದಲ್ಲಿ ಮಾಡಿಸಿದ ಮರದ ಪೆಟ್ಟಿಗೆಯನ್ನು ಟೊರಾಂಟೊದ ಮನೆಗೆ ಒಯ್ದ ಕನ್ನಡ ಕುಟುಂಬಕ್ಕೆ, ಜನವರಿಯಲ್ಲಿ ಅದರ ಮುಚ್ಚಳ ಸೀಳಿದರೆ, ತಪ್ಪು ಮರದ್ದೂ ಅಲ್ಲ, ಮಾಡಿದವರದ್ದೂ ಅಲ್ಲ.

ಮಲೆನಾಡಿನ ಮರಗೆಲಸಕ್ಕೆ ಕ್ಯಾಲೆಂಡರಿನಲ್ಲೇ ಒಂದು ತೊಡಕಿದೆ. ಗದ್ದೆ ನಾಟಿ ಮುಗಿದ ಮೇಲೆ ಮಳೆ ಹಿಡಿದು ಕೂರಿಸಿದ ದಿನಗಳಲ್ಲಿ ಮನೆಯವರಿಗೆ ಬಿಡುವಿರುತ್ತದೆ, ಗಾಳಿ ಮಾತ್ರ ಮರಗೆಲಸಕ್ಕೆ ಒಗ್ಗದು. ದೀಪಾವಳಿ ಕಳೆದು ಗಾಳಿ ಒಣಗಿ ಹದವಾಗುವ ಹೊತ್ತಿಗೆ ಕೊನೆ ಕೊಯ್ಲು ಶುರುವಾಗಿ, ಅಡಿಕೆ ಸುಲಿತ, ಬೇಯಿಸುವುದು, ಒಣಗಿಸುವುದೆಂದು ಕೊಟ್ಟಿಗೆ, ಅಂಗಳ, ಕೈ ಮೂರೂ ತುಂಬಿರುತ್ತವೆ. ಆದ್ದರಿಂದ ಒಣಗಿಸುವ ಕೆಲಸವನ್ನು ಒಂದು ಕಾಲಕ್ಕೂ ಮಾಡುವ ಕೆಲಸವನ್ನು ಇನ್ನೊಂದು ಕಾಲಕ್ಕೂ ಹಂಚಿಕೊಳ್ಳಬೇಕು. ಚಳಿಗಾಲದಲ್ಲಿ ಮರಕ್ಕೆ ಮನುಷ್ಯರ ಕೈ ಬೇಕಿಲ್ಲ: ಕೊಯ್ಸಿದ ಹಲಗೆಗಳನ್ನು ನೆಲದಿಂದ ಮೊಳವೆತ್ತರದಲ್ಲಿ, ಒಂದರ ಮೇಲೊಂದು ಅಡ್ಡಪಟ್ಟಿ ಕೊಟ್ಟು ಅಟ್ಟಿಯೊಡ್ಡಿ ನೆರಳಿನಲ್ಲಿ ಬಿಟ್ಟರೆ ಡಿಸೆಂಬರಿನಿಂದ ಏಪ್ರಿಲ್ ತನಕದ ಗಾಳಿ ತಾನೇ ತನ್ನ ಕೆಲಸ ಮಾಡುತ್ತದೆ. ಒಣಗಿದ್ದು ಸಾಕೇ ಎಂಬುದನ್ನು ಅಡಿಕೆ ತೂಗುವ ತಕ್ಕಡಿಯಲ್ಲೇ ತಿಳಿಯಬಹುದು; ಗುರುತು ಹಾಕಿದ ಒಂದು ತುಂಡನ್ನು ವಾರಕ್ಕೊಮ್ಮೆ ತೂಗುತ್ತ ಹೋಗಿ, ಎರಡು ಮೂರು ವಾರ ತೂಕ ಇಳಿಯದೆ ನಿಂತರೆ ಹಲಗೆ ಆ ಗಾಳಿಗೆ ಹೊಂದಿಕೊಂಡಿತೆಂದು ಅರ್ಥ. ಮೃಗಶಿರ ಮಳೆ ಬೀಳುವ ಮೊದಲೇ ಅವನ್ನು ಬೆಚ್ಚನೆಯ ಅಟ್ಟಕ್ಕೆ ಸೇರಿಸಿದರೆ ಆಷಾಢದ ಬಿಡುವಿನಲ್ಲಿ ಕೈಗೆ ಸಿಗುವುದು ಒಣ ಮರವೇ.

ಸಲಕರಣೆಗಳ ಎಣ್ಣೆಯಲ್ಲೂ ಕಾಲದ ಭೇದವಿದೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುವುದರಿಂದ ಪುಷ್ಯ ಮಾಸದ ಬೆಳಗುಗಳಲ್ಲಿ ಬಟ್ಟೆಗೂ ಹತ್ತದೆ ಅಲಗಿಗೂ ಹರಡದೆ ಉಳಿಯುತ್ತದೆ. ಹೊಲಿಗೆ ಯಂತ್ರಕ್ಕೆ ಬಿಡುವ ತೆಳು ಎಣ್ಣೆ ಎಲ್ಲ ಕಾಲಕ್ಕೂ ಒದಗುತ್ತದೆ, ಅಂಟು ಕಟ್ಟುವುದೂ ಇಲ್ಲ. ಗರಗಸದ ಹಲ್ಲಿಗೆ, ತೋಪಡದ ತಳಕ್ಕೆ ಜೇನುಮೇಣ ತಿಕ್ಕಿದರೆ ತುಕ್ಕೂ ತಡೆಯುತ್ತದೆ, ಒದ್ದೆ ಮರದಲ್ಲಿ ಅಲಗು ಹಿಡಿದು ನಿಲ್ಲುವುದೂ ತಪ್ಪುತ್ತದೆ.

ಎಷ್ಟೇ ಎಚ್ಚರ ವಹಿಸಿದರೂ ಮಾಡಿಟ್ಟ ವಸ್ತು ಕೊನೆಗೆ ಮನೆಯ ಗಾಳಿಯಲ್ಲೇ ಬಾಳಬೇಕಾದ್ದರಿಂದ, ಕುಗ್ಗುವಿಕೆ ಹಿಗ್ಗುವಿಕೆಗಳಿಗೆ ಎಡೆ ಬಿಟ್ಟೇ ಜೋಡಿಸುವುದು ಇಲ್ಲಿಯ ಬಡಗಿಗಳ ರೂಢಿ. ಬಾಗಿಲ ಚೌಕಟ್ಟಿನ ಕಟ್ಟುಗಳಲ್ಲಿ ಕಾಲುವೆ ತೋಡಿ, ನಡುವಿನ ಹಲಗೆಯನ್ನು ಅಂಟು ಹಚ್ಚದೆ ಅದರಲ್ಲಿ ಕೂರಿಸುತ್ತಾರೆ. ಮೂವತ್ತು ಸೆಂಟಿಮೀಟರ್ ಅಗಲದ ಹಲಗೆಯನ್ನು ಫಾಲ್ಗುಣದಲ್ಲಿ ಕೂರಿಸುವಾಗ ಎರಡೂ ಬದಿಯ ಕಾಲುವೆಯಲ್ಲಿ ಎರಡೆರಡು ಮಿಲಿಮೀಟರಿನಷ್ಟು ಸಡಿಲ ಬಿಟ್ಟಿರುತ್ತಾರೆ, ಶ್ರಾವಣದಲ್ಲಿ ಕೂರಿಸುವಾಗ ಸಡಿಲ ಬಿಡದೆ ಹಲಗೆಯ ಅಂಚು ಕಾಲುವೆಯ ತಳಕ್ಕೆ ಮುಟ್ಟುವ ತನಕ ಕೊಡತಿಯಿಂದ ಮೆಲ್ಲಗೆ ತಟ್ಟುತ್ತಾರೆ.